ದೀಪಸ್ತಂಭದ ಹುಡುಗನ ಕೊನೆಯ ಎಂಟು ಹಾಳೆ

ಯಲಹಂಕ ಹಳೇಪೇಟೆ
೧೮ ಜೂನ್ ೧೯೬೭, ಭಾನುವಾರ

ಹೆಬ್ಬಾಳದ ಮಿಡಲ್ ಸ್ಕೂಲಿಗೆ ಮೇಡಮ್ಮೋರೂ, ನನ್ನ ಪಾಲಿಗೆ ಇನ್ನೂ ಎರಡು ಜಡೆಯ ಹುಡುಗಿಯೂ ಆದ ಲಚ್ಚಿಗೆ, ನಿನ್ನ ಮಾರಯ್ಯ ಮಾವ ಬೀದಿಗೆಲ್ಲ ಕೇಳುವ ಹಾಗೆ ಮಾಡುವ ಆಶೀರ್ವಾದ.

ನಿನ್ನ ಕಾಗದ ಗುರುವಾರ ಬಂತು. ಜಗಲಿಯ ಮೇಲೆ ನಿಂತು ಓದಿದೆ. ಕಾಗದ ಬರೆದಿರೋದು ನಿಮಗೆ ಕಣ್ರೀ, ಊರಿಗಲ್ಲ ಅಂತ ನಿಮ್ಮತ್ತೆ ಮುನಿಶಾಮಮ್ಮ ಒಳಗಿಂದ ಗದರಿದಳು. ಇಪ್ಪತ್ತೆರಡು ವರ್ಷ ನಾಟಕದ ಕಂಪನಿಯಲ್ಲಿ ಕೊನೇ ಬೆಂಚಿನವನಿಗೂ ಮುಟ್ಟುವ ಹಾಗೆ ಕೂಗಿದ ಗಂಟಲಮ್ಮಾ ಇದು! ಈಗ ತಗ್ಗು ಅಂದರೆ ತಗ್ಗುತ್ತದೆಯೇ?

ನಿಮ್ಮ ಸ್ಕೂಲಿಗೆ ಒಂದು ಬೀರು ತುಂಬ ಪುಸ್ತಕ ಕೊಳ್ಳಲು ಅಪ್ಪಣೆಯಾಗಿದೆಯೆಂದೂ, ಆರು ಏಳನೇ ಕ್ಲಾಸಿನ ಮಕ್ಕಳಿಗೆ ಸಾಹಸದ, ಗುಟ್ಟಿನ ಕಾದಂಬರಿ ಯಾವುದು ಕೊಡಲೆಂದೂ ಕೇಳಿದ್ದೀಯ. ಕೇಳಿದ್ದು ಸರಿಯಾದವನನ್ನೇ! ಮೊದಲು 'ಗಡಿಯಾರದೊಳಗಿನ ಬೀಗದ ಕೈ' ತೆಗೆದುಕೋ. ಮೂರನೇ ಪುಟದಲ್ಲೇ ಗಡಿಯಾರ ಹದಿಮೂರು ಹೊಡೆಯುತ್ತದೆ. ಓದೋದು ಬೇಜಾರು ಅನ್ನುವ ತುಂಟರಿಗೆ ಅದೇ ಮದ್ದು. ಹೆದರುಪುಕ್ಕಲರಿಗೆ 'ಕಾಣೆಯಾದ ಹರಿಗೋಲು'. ಅದರಲ್ಲಿ ಕಳ್ಳರೇ ಹುಡುಗರಿಗಿಂತ ಹೆಚ್ಚು ಹೆದರುತ್ತಾರೆ. 'ಕೋಟೆಯ ಹನ್ನೊಂದನೇ ಮೆಟ್ಟಿಲು' ಇದೆಯಲ್ಲ, ಅದನ್ನು ಇಬ್ಬರಿಗೆ ಒಂದರಂತೆ ಕೊಡು. ಒಬ್ಬೊಬ್ಬರೇ ಓದಿದರೆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನರಳುತ್ತಾರೆ. ನೀತಿ ಹೇಳುವ ಪುಸ್ತಕವನ್ನು ಬೀರುವಿನ ಮೇಲಿನ ಖಾನೆಯಲ್ಲಿಡು, ಇನ್‌ಸ್ಪೆಕ್ಟರು ಬಂದಾಗ ಅವರ ಕಣ್ಣಿಗೆ ಬೀಳಲಿ. ಕೆಳಗಿನ ಖಾನೆ ಮಕ್ಕಳದು.

ಇದನ್ನೆಲ್ಲ ಬರೆಯುವಾಗ ನಮ್ಮ ಜಗಲಿಯೇ ಕಣ್ಣಿಗೆ ಕಟ್ಟುತ್ತದೆ. ಕಂಪನಿ ಮುಚ್ಚಿದಾಗ ನನ್ನ ಪಾಲಿಗೆ ಬಂದದ್ದು ರಾಜಾಪಾರ್ಟಿನ ತಗಡಿನ ಪೆಟ್ಟಿಗೆ. ಕತ್ತಿ, ಭುಜಕೀರ್ತಿ ಎಲ್ಲ ಮಾರಿ, ಕಿರೀಟ ಒಂದನ್ನು ಉಳಿಸಿಕೊಂಡು, ಪೆಟ್ಟಿಗೆ ತುಂಬ ಕಾದಂಬರಿ ತುಂಬಿದೆ. ನನ್ನ ಕಾನೂನು ನೆನಪಿದೆಯಾ? ಪುಸ್ತಕ ವಾಪಸು ಕೊಡುವವರು ಕಿರೀಟ ಇಟ್ಟುಕೊಂಡು, ಜಗಲಿಯ ಮೇಲೆ ನಿಂತು, ಎದುರು ಮನೆಗೆ ಕೇಳುವಂತೆ ಕತೆ ಹೇಳಬೇಕು. ಕೊನೆಯನ್ನು ಮಾತ್ರ ಹೇಳಕೂಡದು! ಕಿರೀಟ ನಿನ್ನ ಮೂಗಿಗೇ ಇಳಿಯುತ್ತಿತ್ತು. ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನೀನು ಹೇಳುತ್ತಿದ್ದರೆ, ಎದುರು ಮನೆಯ ಬೈರಮ್ಮ ರಾಗಿ ಕೇರುವುದನ್ನು ನಿಲ್ಲಿಸಿ, ಆಮೇಕೇನಾಯ್ತೇ ಅಂತ ಕೂಗುತ್ತಿದ್ದಳು. ನಾಳೆ ಬಂದು ಓದ್ಕೋ ಬೈರಕ್ಕಾ ಅಂತ ನೀನು ಅಂದರೆ, ಓದು ಬಂದಿದ್ರೆ ನಿನ್ ಬಾಯೇನು ನೋಡ್ತಿದ್ದೆ ಬುಡು ಅಂತ ಅವಳು ಮೊರ ಝಾಡಿಸುತ್ತಿದ್ದಳು.

ಆಯಿತು, ಇನ್ನು ಸುತ್ತುವುದು ಬೇಡ. ನಿನ್ನ ಕಾಗದದ ಕೊನೆಯ ಪ್ಯಾರಾಕ್ಕೆ ಬರುತ್ತೇನೆ.

ನಿನ್ನ ಕ್ಲಾಸಿನ ಸಬೀರಾಳ ಅಣ್ಣ ಮುಕ್ತಾರ್ ಮನೆ ಬಿಟ್ಟು ಹೋಗಿ ಮೂರು ತಿಂಗಳಾಯಿತು ಅಂತ ಬರೆದಿದ್ದೀಯ. ನೀನು ಹೇಳಿದ 'ದೀಪಸ್ತಂಭದ ಹುಡುಗ'ನ ಕತೆ ಕೇಳಿ, ಆ ಪುಸ್ತಕ ಬೇಕೇ ಬೇಕು ಅಂತ ಆ ಮಗು ಹಟ ಹಿಡಿದಿದೆ. ಆದರೆ ನೀನೇ ಅದರ ಕೊನೆಯ ಎಂಟು ಹಾಳೆ ಓದಿಲ್ಲ. ಮಾವ, ನಿಜ ಹೇಳಿ, ನೀವಂದಂತೆ ಅವನ್ನು ಇಲಿಯೇ ತಿಂದಿತ್ತಾ, ನೀವು ಆಡಿ ತೋರಿಸಿದ್ದಲ್ಲ, ಪುಸ್ತಕದ ನಿಜವಾದ ಕೊನೆ ಗೊತ್ತಿಲ್ಲದೆ ಆ ಮಗುವಿನ ಕೈಗೆ ಹೇಗೆ ಕೊಡಲಿ ಅಂತ ಕೇಳಿದ್ದೀಯ.

ಇಲಿ ತಿನ್ನಲಿಲ್ಲ ಕಣೇ ಲಚ್ಚಿ. ನಾನೇ ಹರಿದೆ.

ಐವತ್ತೈದನೇ ಇಸವಿ. ನಿನಗೆ ಹತ್ತು ವರ್ಷ. ನಿಮ್ಮಪ್ಪನ ಜೊತೆ ಜಗಳವಾಡಿ ನಿನ್ನ ಅಣ್ಣ ಮುನಿಯಲ್ಲಪ್ಪ ಮನೆ ಬಿಟ್ಟು ಹೋಗಿದ್ದ. ಆ ಪುಸ್ತಕದಲ್ಲಿ ಮನೆ ಬಿಟ್ಟು ಹಡಗು ಹತ್ತಿ ಹೋದ ಸೋಮುವಿನ ಕತೆಯನ್ನು ನೀನು ದಿನಕ್ಕೆ ನಾಲ್ಕು ಪುಟ ಇಲ್ಲೇ ಕೂತು ಓದುತ್ತಿದ್ದೆ. ಒಂದು ದಿನ ತಲೆಯೆತ್ತಿ, ಸೋಮು ತಂಗಿ ಹತ್ತಿರ ವಾಪಸ್ ಬಂದರೆ ನಮ್ಮಣ್ಣನೂ ಬರ್ತಾನೆ ಮಾವ ಅಂದುಬಿಟ್ಟೆ. ನೀನು ಮನೆಗೆ ಹೋದ ಮೇಲೆ ಕೊನೆಯ ಪುಟಗಳನ್ನು ತಿರುವಿದೆ. ಅಲ್ಲೊಂದು ಚಿತ್ರ. ಸೋಮು ನೆಲದ ಮೇಲೆ ಅಂಗಾತ ಮಲಗಿದ್ದಾನೆ, ಕಣ್ಣು ಮುಚ್ಚಿದೆ, ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ಕಾಯುವ ಮುದುಕ ಪಕ್ಕದಲ್ಲಿ ಮಂಡಿಯೂರಿ ಹಣೆಯ ಮೇಲೆ ಕೈಯಿಟ್ಟಿದ್ದಾನೆ. ಅಷ್ಟು ಸಾಕಾಯಿತು ನನಗೆ. ಒಂದಕ್ಷರ ಓದಲಿಲ್ಲ, ಹಾಳೆ ಕಿತ್ತುಬಿಟ್ಟೆ. ನಮ್ಮ ಕಂಪನಿಯಲ್ಲಿ ರಾಜ ಸತ್ತು ಬಿದ್ದಿದ್ದರೂ ಎದ್ದು, ಮೈ ಒದರಿಕೊಂಡು, ಎಲ್ಲರ ಜೊತೆ ಮಂಗಳ ಹಾಡಬೇಕು. ಆಮೇಲೇ ಪರದೆ. ಹತ್ತು ವರ್ಷದ ಮಗುವಿನ ಮುಂದೆ ಮಂಗಳವಿಲ್ಲದೆ ಪರದೆ ಹೇಗೆ ಬೀಳಿಸಲಿ?

ಮಾರನೇ ದಿನ ಕಿರೀಟ ನಾನೇ ಇಟ್ಟುಕೊಂಡೆ. ನನ್ನ ಕಾನೂನು ನಾನೇ ಮುರಿದು ಕೊನೆಯನ್ನು ಆಡಿ ತೋರಿಸಿದೆ. ಇದ್ದಕ್ಕಿದ್ದಂತೆ ಸೋಮು ಸಂಜೆ ಐದೂವರೆ ರೈಲಿನಲ್ಲಿ ಬಂದಿಳಿದ! ಸಮುದ್ರದ ಕತೆಗೆ ರೈಲು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ನಾವು ಸಮುದ್ರ ಕಂಡವರೇ? ನಮಗೆ ಗೊತ್ತಿದ್ದದ್ದು ಯಲಹಂಕ ಸ್ಟೇಷನ್ನು.

ಅವತ್ತಿನಿಂದ ನೀನು ಕುಂಟೆಬಿಲ್ಲೆ ಬಿಟ್ಟೆ. ದಿನಾ ಸಂಜೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೆ. ಒಂದು ದಿನವಲ್ಲ, ಹನ್ನೊಂದು ತಿಂಗಳು. ನಾನು ಬೇವಿನ ಮರದ ಹಿಂದೆ ನಿಂತು ನೋಡುತ್ತಿದ್ದೆ. ಸಾವಿರ ಜನರ ಮುಂದೆ ಅಬ್ಬರಿಸಿದ ಈ ಬಾಯಿಂದ, ಅದು ನಾನು ಕಟ್ಟಿದ್ದು ಕಣಮ್ಮಾ ಅನ್ನುವ ಒಂದು ಮಾತು ಹೊರಡಲಿಲ್ಲ. ನಾಲ್ಕು ವರ್ಷದ ಮೇಲೆ ಮುನಿಯಲ್ಲಪ್ಪ ಬಂದನಲ್ಲ, ಅವನು ಬಂದದ್ದು ದೊಡ್ಡಬಳ್ಳಾಪುರದ ಬಸ್ಸಿನಲ್ಲಿ. ನೀನು ಪರೀಕ್ಷೆ ಬರೆಯಲು ಹೋಗಿದ್ದೆ.

ಹಾಳೆಗಳು ಕಿರೀಟದ ಕೆಳಗೆ ಬಟ್ಟೆಯಲ್ಲಿ ಸುತ್ತಿ ಹಾಗೇ ಇವೆ. ಇವತ್ತು ಅಂಟಿಸಿ, ಮುನಿಶಾಮಮ್ಮನ ತಮ್ಮ ಪಿಳ್ಳಪ್ಪನ ಕೈಲಿ ಪುಸ್ತಕವನ್ನೂ ಈ ಕಾಗದವನ್ನೂ ಕಳಿಸುತ್ತೇನೆ. ನೀನು ಓದು, ನಿನಗೆ ಆ ಹಕ್ಕಿದೆ. ಸಬೀರಾಗೆ ಮಾತ್ರ ಕೊಡಬೇಡ. ಅವಳಿಗೆ ಹರಿಗೋಲಿನದು ಕೊಡು, ನಗಲಿ. ನನ್ನನ್ನು ಬೈಯಬೇಕೆನಿಸಿದರೆ ಗಟ್ಟಿಯಾಗಿ ಬೈದು ಬರೆ, ಜಗಲಿಯ ಮೇಲೆ ನಿಂತೇ ಓದುತ್ತೇನೆ.

ಇಂತಿ,
ನಿನ್ನ ಸಂಜೆಗಳನ್ನು ಕದ್ದ,
ಚಿಕ್ಕಮಾರಯ್ಯ ಮಾವ

ಮರೆತ ಮಾತು: ಲಚ್ಚಿ, ಮೇಲಿನದನ್ನು ಬೆಳಿಗ್ಗೆ ಬರೆದೆ. ಊಟವಾದ ಮೇಲೆ ಗೋಂದು ಕಲಸಿ ಕೂತೆ. ಹಾಳೆಗಳ ಮೂಲೆ ಹರಿದು ಪುಟದ ಅಂಕಿ ಹೋಗಿತ್ತು. ಯಾವುದು ಮುಂದೆ ಯಾವುದು ಹಿಂದೆ ತಿಳಿಯಲು ಓದಲೇಬೇಕಾಯಿತು. ಸೋಮು ಸತ್ತಿಲ್ಲ ಕಣೇ! ಜ್ವರ ಬಿಟ್ಟು ನಿದ್ದೆ ಹೋಗಿದ್ದಾನೆ, ಮುದುಕ ಹಣೆ ಮುಟ್ಟಿ ನೋಡುತ್ತಿದ್ದಾನೆ, ಅಷ್ಟೆ. ಕಣ್ಣು ಮುಚ್ಚಿ ಮಲಗಿದವನ ಪಕ್ಕ ಒಬ್ಬ ಮಂಡಿಯೂರಿದರೆ ನಾಟಕದವನಿಗೆ ಅದು ಸಾವಿನ ಸೀನೇ. ಮನುಷ್ಯರು ಸುಮ್ಮನೆ ನಿದ್ದೆಯನ್ನೂ ಮಾಡುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಸೋಮು ಊರಿಗೆ ಬರುವುದಿಲ್ಲ, ತಂಗಿಗೆ ಕಾಗದ ಬರೆಯುತ್ತಾನೆ. ನಾನು ಚೆನ್ನಾಗಿದ್ದೇನೆ, ಬರುವ ದಿನ ಇಂಥದ್ದೇ ಅಂತ ಗೊತ್ತಿಲ್ಲ, ನೀನು ಬಾಗಿಲಲ್ಲಿ ಕೂತು ಕಾಯಬೇಡ, ಉಂಡು ಆಡಲು ಹೋಗು ಅಂತ. ಅದು ನಿನಗೆ ಹನ್ನೆರಡು ವರ್ಷದ ಹಿಂದೆ ತಲುಪಬೇಕಿದ್ದ ಕಾಗದ.

ಸಬೀರಾಗೆ ಕೊಡಬೇಡ ಅಂದದ್ದನ್ನು ಹೊಡೆದುಹಾಕು. ನಾಳೆಯೇ ಕೊಡು. ಗೋಂದು ಇನ್ನೂ ಹಸಿಯಾಗಿದೆ, ಕೊನೆಯ ಪುಟಗಳನ್ನು ಜೋಪಾನವಾಗಿ ಬಿಡಿಸಲು ಹೇಳು.