ಕೊನೆಯ ಪಂದ್ಯದ ಬೈಗುಳ

ಪೂಜ್ಯ ಮಾವನವರಿಗೆ,

ಈ ವರ್ಷದ ಫುಟ್‌ಬಾಲ್ ಲೀಗ್ ಮುಗಿಯಿತು. ಮೂವತ್ತೆಂಟು ಪಂದ್ಯಗಳಲ್ಲಿ ಮೂವತ್ತೇಳನ್ನು ನಿಮ್ಮ ಮಗ ತೆತ್ಸುರೊ ಬೆಂಚಿನಲ್ಲೇ ಕೂತು ಕಳೆದರು. ನಿನ್ನೆ ಕೊನೆಯ ಪಂದ್ಯದಲ್ಲಿ ಗೋಲ್‌ಕೀಪರ್‌ಗೆ ಪೆಟ್ಟಾಗಿ ಇವರು ಕಣಕ್ಕಿಳಿದರು. ಮುಗಿಯುವ ಹೊತ್ತಿಗೆ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಗೋಲಾಗಿದ್ದರೆ ನಮ್ಮ ತಂಡ ಕೆಳಗಿನ ದರ್ಜೆಗೆ ಇಳಿಯುತ್ತಿತ್ತು. ಆಗ ಗ್ಯಾಲರಿಯಿಂದ ಯಾರೋ ಕೂಗಿದರು: "ಎಡಕ್ಕೆ ಹಾರೋ, ಪೆದ್ದ ಮುಂಡೇದೆ!"

ಇವರು ಎಡಕ್ಕೆ ಹಾರಿ ಚೆಂಡು ತಡೆದರು. ಊರಿಗೆ ಊರೇ ಕುಣಿಯಿತು.

"ಅದು ಅಪ್ಪಂದೇ ದನಿ ಕಣೇ! ಹತ್ತು ವರ್ಷ ಆಗಿತ್ತು ಬೈಸ್ಕೊಂಡು," ಎಂದು ಇವರು ಮನೆಗೆ ಬಂದು ನಗುತ್ತಲೇ ಅತ್ತರು.

ಮನೆತನದ ಮೀನು ದೋಣಿ ಬಿಟ್ಟು ಚೆಂಡಿನ ಹಿಂದೆ ಹೋದವನ ಮುಖ ನೋಡುವುದಿಲ್ಲ ಎಂದವರು ನೀವು. ನಿನ್ನೆ ನೀವು ಗ್ಯಾಲರಿಗೆ ಬಂದು ನೋಡಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ.

ಹೊಸ ವರ್ಷಕ್ಕೆ ಬನ್ನಿ, ಬರುವಾಗ ಒಳ್ಳೆಯ ಮೀನು ತನ್ನಿ. ಮನೆಯೊಳಗೆ ಹಾಕಿಕೊಳ್ಳಲು ನಿಮ್ಮ ಅಳತೆಯ ಚಪ್ಪಲಿಯನ್ನು ಇವರು ಬೆಳಿಗ್ಗೆಯೇ ಕೊಂಡು ತಂದಿದ್ದಾರೆ.

ನಿಮ್ಮ ಸೊಸೆ,
ಶಿಗೆಮಿ