ಹಿಂದಿನ ಬಾಗಿಲಿನಿಂದ ಬಂದವರು

ಮಂಗಲಪೇಟ, ಬೀದರ
ಗುರುವಾರ, ೧೩ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮ ಜೇಮ್ಸ,

ಕರ್ತನು ನಿನ್ನನ್ನೂ ನಿನ್ನ ಮನೆಯವರನ್ನೂ ಕಾಯಲಿ. ನಿನ್ನ ಸಕ್ಕರೆ ಕಾಯಿಲೆ ಹೇಗಿದೆ? ಊಟಕ್ಕೆ ಮೊದಲಿನ ಗುಳಿಗೆ ಮರೆಯಬೇಡ, ಮರೆಯುವುದು ನಿನ್ನ ಹಳೆಯ ಚಟ. ಜೆನಿಫರಳ ಸೊಂಟನೋವು ಇಳಿಯಿತೇ? ಶಾಲೋಮನ ಪರೀಕ್ಷೆ ಹತ್ತಿರ ಬಂತು, ಹುಡುಗನಿಗೆ ಬಯ್ಯಬೇಡ. ನನ್ನ ಸಮಾಚಾರ ಕೇಳುವುದಾದರೆ, ಎಡಗೈ ಮುರಿದಿದೆ, ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಬಲಗೈ ಗಟ್ಟಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಹರಿಯಬೇಕು, ಹರಿಯುವಾಗ ಒಂದೆರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ. ಔರಾದ ಬಸ್ಸಿನ ಕಂಡಕ್ಟರ ಮಕ್ಸೂದ ಸಂಜೆ ಇದನ್ನು ತಂದು ನಿನ್ನ ಕೈಯಲ್ಲೇ ಕೊಡುತ್ತಾನೆ. ನಾಳೆ ಬೆಳಿಗ್ಗೆ ಇನ್ಸ್‌ಪೆಕ್ಟರ ನನ್ನ ಹೇಳಿಕೆಯನ್ನು ಮತ್ತೊಮ್ಮೆ ಬರೆದುಕೊಳ್ಳಲು ಬರುತ್ತಾರೆ. ಆ ನಾಲ್ವರು ಹಿಂದಿನ ಬಾಗಿಲಿನಿಂದ ಒಳಗೆ ಹೇಗೆ ಬಂದರು ಎಂದು ಕೇಳುತ್ತಾರೆ. ನಾನು ಏನು ಹೇಳುತ್ತೇನೆ ಅನ್ನುವುದು ನಿನಗೆ ಮೊದಲು ಗೊತ್ತಾಗಲಿ.

ಈ ಮನೆಯನ್ನು ಬಾಡಿಗೆಗೆ ಕೊಡೋಣ ಅಂದವನು ನೀನೇ. ಪಪ್ಪಾ ಮಿಷನ್ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿ ಕಟ್ಟಿಸಿದ ಮನೆ, ಮುಂದಿನ ಎರಡು ಖೋಲಿ ಖಾಲಿ ಬಿದ್ದಿವೆ, ಕಿಲ್ಲೆ ನೋಡಲು ಹೈದರಾಬಾದಿನಿಂದ ಎಷ್ಟು ಜನ ಬರುತ್ತಾರೆ ಅಂದೆ. ಫೋಟೋ ತೆಗೆದು ಫೋನಿನಲ್ಲಿ ಹಾಕಿದವನೂ ನೀನೇ. ಬಂದವರಿಗೆ ಏನೇನು ಬೇಕಾಗುತ್ತದೆ ಎಂದು ಕ್ಲಾಸು ತೆಗೆದುಕೊಂಡೆ: ಬಿಳಿ ಚಾದರ ಇರಬೇಕು, ಬಿಸಿನೀರು ತಿರುಗಿಸಿದ ಕೂಡಲೇ ಬರಬೇಕು, ನೆಟ್ ಬೇಕು, ಮತ್ತೆ ನನ್ನ ಬಾಯಿ ಬಂದ್ ಇರಬೇಕು. ನಾನೂ ಕಲಿತೆ. ವಾರ್ಡಿನಲ್ಲಿ ಮಡಚುತ್ತಿದ್ದ ಹಾಗೆ ಚಾದರದ ಮೂಲೆ ಮಡಚಿದೆ. ಹಳೆಯ ಕಾಲದ ಮನೆ ಬೇಕು ಎಂದು ಬಂದು ಕಮೋಡು ಮಾತ್ರ ಹೊಸದು ಕೇಳುವವರನ್ನು ಸಹಿಸಿದೆ. ಪಕ್ಕದ ಖುರ್ಷಿದ ಬೇಗಂಳ ಹುಂಜ ಕೂಗಿತೆಂದು ಫೋನಿನಲ್ಲಿ ನನಗೆ ಐದಕ್ಕೆ ಎರಡೇ ಚುಕ್ಕಿ ಕೊಟ್ಟ ಹೆಂಗಸಿಗೂ ಟಿಫಿನ್ ಕಟ್ಟಿ ಕಳಿಸಿದೆ. ನನ್ನ ಸಿಟ್ಟು ನಿನಗೆ ಗೊತ್ತು, ಎಷ್ಟು ನುಂಗಿದ್ದೇನೆ ಅನ್ನುವುದು ಗೊತ್ತಿಲ್ಲ.

ಮನೀಷಾ ಮತ್ತು ಗೌರವ ಹೋದ ಗುರುವಾರ ಬಂದರು. ಆ ಹುಡುಗಿ ಚಾದರ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಚೀಲ ಇನ್ನೂ ಹೆಗಲ ಮೇಲೆ ಇರುವಾಗಲೇ ನನ್ನ ಮುಂದೆ ನಿಂತು, "ಸಿಸ್ಟರ, ಬಾಗಿಲು ಹಾಕಿ ಇಡ್ತೀರಲ್ರಿ? ಯಾರ ಕೇಳಿದ್ರೂ ಇಲ್ಲ ಅನ್ರಿ," ಅಂದಳು. ನಾನು ಅವಳ ಮುಖ ನೋಡಿದೆ, ಬೇರೇನೂ ಕೇಳಲಿಲ್ಲ, ನಿನ್ನ ಪಾಠದಂತೆ. ಸಂಜೆ ಚಹಾ ಕುಡಿಯುವಾಗ ತಾನಾಗಿಯೇ ಹೇಳಿದಳು. ಅವಳು ಔರಾದ ಕಡೆಯ ಹೊಲಮನಿ ಇದ್ದವರ ಮಗಳು, ಅವನು ಮನ್ನಳ್ಳಿಯ ಶಾಲುಬಾಯಿಯ ಮಗ, ಕೊಳಾರದ ಕಾರ್ಖಾನೆಯಲ್ಲಿ ಕೆಲಸ. ಜಾತಿ ಬೇರೆ. ಅಣ್ಣ ದಿಗಂಬರ ಒಮ್ಮೆ ಅವಳನ್ನು ಕೋಣೆಯಲ್ಲಿ ಕೂಡಿಹಾಕಿ ಬೆಲ್ಟಿನಿಂದ ಹೊಡೆದಿದ್ದನಂತೆ. ರಿಜಿಸ್ಟರ್ ಮದುವೆಗೆ ಸೋಮವಾರದ ದಿನ ಸಿಕ್ಕಿತ್ತು, ಅಲ್ಲಿಯವರೆಗೆ ಒಂದು ಮನೆ ಬೇಕಿತ್ತು. ನಾನು ಮುಂದಿನ ಗೇಟಿಗೆ ಕೀಲಿ ಹಾಕಿದೆ.

ಭಾನುವಾರ ನೀನು ಆರಾಧನೆ ಮುಗಿಸಿ ಊಟಕ್ಕೆ ಬಂದೆ. ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಿನ್ನನ್ನು ಕಂಡು "ನಮಸ್ಕಾರ ಸರ್" ಅಂದಳು, ಅಂದ ಮೇಲೆ ಅವಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ನೀನು ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದೆ: "ಅಕ್ಕಾ, ಅಕಿ ನನ್ನ ಸಾಲ್ಯಾಗ ಕಲ್ತ ಹುಡುಗಿ. ಮನ್ಯಾಗಿನವ್ರಿಗಿ ಒಂದ್ ಮಾತ ತಿಳಸಬೇಕಲ್ಲ?" ನಾನು ಸೌಟು ಹಿಡಿದೇ ತಿರುಗಿ, "ನಿನ್ನ ಸಾಲಿ ಔರಾದದಾಗ ಅದ, ಇದು ನನ್ನ ಮನಿ. ಸುಮ್ಮ ಕುಂತ ಉಣ್ಣ," ಅಂದೆ. ನೀನು ತಲೆಯಾಡಿಸಿದೆ. ಮಟನ್ ಸಾರು ಎರಡು ಸಲ ಹಾಕಿಸಿಕೊಂಡೆ. ಹೋಗುವಾಗ ಆ ಹುಡುಗಿಯ ತಲೆ ಮೇಲೆ ಕೈಯಿಟ್ಟು ಚೆನ್ನಾಗಿರು ಅಂದೆ. ಅವಳು ಅದನ್ನು ನಂಬಿದಳು, ಮಹಾರಾಯ, ನಾನೂ ನಂಬಿದೆ.

ಸೋಮವಾರ ಬೆಳಿಗ್ಗೆ ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು. ಮನೀಷಾ ಹಸಿರು ಸೀರೆ ಉಟ್ಟು ನೆರಿಗೆಗೆ ಪಿನ್ನು ಹಾಕಿಸಿಕೊಳ್ಳಲು ನನ್ನ ಹತ್ತಿರ ಬಂದಿದ್ದಳು. ಗೌರವ ನಡುಮನೆಯಲ್ಲಿ ಬೂಟು ಒರೆಸುತ್ತಿದ್ದ. ಹಿಂದೆ ಬಚ್ಚಲ ಕಡೆಯ ಬಾಗಿಲು ಕಿರ್ರೆಂದಿತು, ಕೊಂಡಿ ಕೆಳಗೆ ಬಿದ್ದ ಸಪ್ಪಳ ಕೇಳಿತು. ನಾಲ್ಕು ಜನ. ಮುಂದಿದ್ದವನು ದಿಗಂಬರ, ಕೈಯಲ್ಲಿ ಕಬ್ಬಿಣದ ರಾಡು. ಕುಳಿತಿದ್ದ ಹುಡುಗನ ತಲೆಯ ಮೇಲೆ ಹೊಡೆದ, ಅವನು ಏಳಲು ಹೋದ, ಮತ್ತೆ ಹೊಡೆದ. ಮೂವತ್ತು ವರ್ಷ ನರ್ಸ್ ಆಗಿ ಎಷ್ಟೋ ತಲೆ ಒಡೆದವರನ್ನು ನೋಡಿದ್ದೇನೆ, ಒಡೆಯುವಾಗಿನ ಸಪ್ಪಳ ಕೇಳಿರಲಿಲ್ಲ. ಅವನು ಬಿದ್ದ ಮೇಲೂ ಇನ್ನಿಬ್ಬರು ಎದೆಗೆ, ಹೊಟ್ಟೆಗೆ ಒದೆಯುತ್ತಲೇ ಇದ್ದರು. ಬೂಟಿನ ಒಂದು ಕಾಲು ಅವನ ಕೈಯಲ್ಲೇ ಇತ್ತು.

ನಾನು ಚಹಾದ ಭಾಂಡೆ ಎತ್ತಿ ದಿಗಂಬರನ ಮುಖಕ್ಕೆ ಎರಚಿದೆ. ಕುದಿಯುವ ನೀರು, ಜೇಮ್ಸ. ಅವನ ಕಣ್ಣು, ಗಲ್ಲ, ಕುತ್ತಿಗೆಯ ಚರ್ಮ ಎದ್ದಿತು. ಅವನು ಎಮ್ಮೆಯ ಹಾಗೆ ಅರಚಿದ, ನನಗೆ ಸಂತೋಷವಾಯಿತು, ದೇವರು ಕ್ಷಮಿಸಲಿ, ಇವತ್ತಿಗೂ ಸಂತೋಷವಾಗಿದೆ. ಕುರುಡನಂತೆ ರಾಡು ಬೀಸಿದ, ನನ್ನ ಕೈ ಮುರಿಯಿತು. ಅಷ್ಟರಲ್ಲಿ ಇನ್ನೊಬ್ಬ ಮನೀಷಾಳ ಜಡೆ ಕೈಗೆ ಸುತ್ತಿಕೊಂಡು ಅಂಗಳಕ್ಕೆ ಎಳೆದೊಯ್ದ. ಅವಳು ಅವನ ಹೆಬ್ಬೆರಳು ಕಚ್ಚಿ ಬಿಡಲಿಲ್ಲ, ಬಿಡಿಸಲು ದವಡೆಗೆ ಒದ್ದ. ನಾನು ಬಲಗೈಯಲ್ಲೇ ಖಾಲಿ ಭಾಂಡೆಯಿಂದ ಅವನ ಬೆನ್ನಿಗೆ, ತಲೆಗೆ ಬಡಿದೆ. ಖುರ್ಷಿದ ಬೇಗಂ ಮಾಳಿಗೆಯ ಮೇಲಿಂದ ಇಟ್ಟಂಗಿ ಎಸೆಯುತ್ತಾ ಓಣಿಯೆಲ್ಲ ಕೇಳುವ ಹಾಗೆ ಕೂಗಿದಳು, ಒಂದು ಇಟ್ಟಂಗಿ ಅವನ ಭುಜ ಒಡೆಯಿತು. ಜನ ಸೇರುವುದು ಕಂಡು ಅವಳನ್ನು ಅಲ್ಲೇ ಬಿಟ್ಟು ನಾಲ್ವರೂ ಜೀಪು ಹತ್ತಿ ಓಡಿದರು. ಔರಾದ ರಸ್ತೆಯಲ್ಲೇ ಸಿಕ್ಕಿಬಿದ್ದಿದ್ದಾರೆ, ಯಾರು ಹೇಳಿಕಳಿಸಿದರು ಎಂದು ಮಾತ್ರ ಬಾಯಿ ಬಿಡುತ್ತಿಲ್ಲ. ನಿನ್ನನ್ನು ಕಾಪಾಡುತ್ತಿದ್ದಾರೆ, ಹೆಮ್ಮೆಪಡು.

ಹಿಂದಿನ ಬಾಗಿಲಿಗೆ ಕೊಂಡಿ ಹಾಕಿದ್ದವಳು ನಾನೇ. ಆ ಬಾಗಿಲು ಜೋತುಬಿದ್ದಿದೆ, ಕೆಳಗೆ ಕಾಲಿಟ್ಟು ಮೇಲೆತ್ತಿ ಅಲುಗಿಸಿದರೆ ಒಳಗಿನ ಕೊಂಡಿ ತಾನೇ ಬೀಳುತ್ತದೆ. ಕ್ರಿಕೆಟ್ ಆಡಿ ಕತ್ತಲಾದ ಮೇಲೆ ಬಂದು ಮಮ್ಮಿಯ ಏಟು ತಪ್ಪಿಸಿಕೊಳ್ಳಲು ನೀನು ಕಂಡುಹಿಡಿದ ಯುಕ್ತಿ. ಅದು ಗೊತ್ತಿದ್ದ ಪಪ್ಪಾ, ಮಮ್ಮಿ ಸಮಾಧಿಯಲ್ಲಿದ್ದಾರೆ. ತಂಗಿ ಮರ್ಸಿ ಭಾಲ್ಕಿಯಲ್ಲಿದ್ದಳು. ನಾನು ಒಲೆಯ ಮುಂದಿದ್ದೆ. ಉಳಿದವನು ನೀನು. ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸಿದ್ದು ನಿನ್ನ ಮಾಸ್ತರಿಕೆಯ ಚಟ ಅಂದುಕೊಳ್ಳೋಣ. ಸಾಲೆಗೆ ಬರದ ಹುಡುಗರ ಮನೆಗೆ ಚೀಟಿ ಕಳಿಸಿ ಕಳಿಸಿ, ತಂದೆತಾಯಿಗೆ ತಿಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವನು ನೀನು. ಆದರೆ ಬಾಗಿಲು ಎತ್ತುವುದನ್ನು ಯಾಕೆ ಹೇಳಿಕೊಟ್ಟೆ? ಮುಂದಿನಿಂದ ಬಂದರೆ ಓಣಿಯ ಮುಂದೆ ಮನೆಯ ಮರ್ಯಾದೆ ಹೋಗುತ್ತದೆ, ಹಿಂದಿನಿಂದ ಸದ್ದಿಲ್ಲದೆ ಕರೆದುಕೊಂಡು ಹೋಗಲಿ ಅಂದುಕೊಂಡೆಯಾ? ಕೈಯಲ್ಲಿ ಏನು ಹಿಡಿದು ಬರುತ್ತಾರೆ ಎಂದು ಕೇಳಲಿಲ್ಲವಾ? ಅವಳ ಬೆನ್ನಿನ ಬೆಲ್ಟಿನ ಗುರುತು ನಾನು ನೋಡಿದ್ದೇನೆ. ನಿನ್ನ ಕ್ಲಾಸಿನಲ್ಲಿ ಕೂತಾಗ ನೀನು ಒಂದು ದಿನವೂ ನೋಡಲಿಲ್ಲವಾ?

ಮೊದಲನೆಯ ದಿನ ಪೊಲೀಸರು ಕೇಳಿದಾಗ, ಕೊಂಡಿ ಹಾಕುವುದು ಮರೆತಿದ್ದೆ ಅಂದೆ. ನಿನಗಾಗಿ ಹೇಳಿದ ಸುಳ್ಳು. ಮರ್ಸಿ ಭಾಲ್ಕಿಯಿಂದ ದಿನಾ ಫೋನು ಮಾಡಿ ಅದನ್ನೇ ಹಿಡಿದುಕೊ ಅನ್ನುತ್ತಾಳೆ. "ಅಂವ ನಮ್ಮ ರಕ್ತ ಅಕ್ಕಾ, ಅವ್ರು ಬಾಡಿಗಿಗಿ ಬಂದವ್ರು," ಅಂದಳು. ರಕ್ತದ ಮಾತು ನನ್ನ ಮುಂದೆ ಆಡಬೇಡ, ಅದನ್ನು ನೆಲದಿಂದ ಬಳಿದವಳು ನಾನು ಎಂದು ಫೋನು ಇಟ್ಟೆ. ಆ ಸುಳ್ಳನ್ನು ನಿನ್ನೆಯವರೆಗೆ ಹೊತ್ತೆ, ಜೇಮ್ಸ. ನಿನ್ನೆ ಮನೀಷಾಳಿಗೆ ಎಚ್ಚರವಾಯಿತು. ದವಡೆಗೆ ತಂತಿ ಕಟ್ಟಿದ್ದಾರೆ, ಹಲ್ಲಿನ ಸಂದಿಯಿಂದ ಮಾತು ಗಾಳಿಯ ಹಾಗೆ ಬರುತ್ತದೆ. ಗೌರವ ಪಕ್ಕದ ವಾರ್ಡಿನಲ್ಲಿ ಮೆಶಿನ್ನಿನ ಉಸಿರಿನಲ್ಲಿದ್ದಾನೆ, ಅವನ ತಾಯಿ ಶಾಲುಬಾಯಿ ಅವನ ಪಾದ ಹಿಡಿದುಕೊಂಡು ಕುಳಿತಿದ್ದಾಳೆ ಎಂದು ಹೇಳಿದೆ. ಅವಳು ಅತ್ತಳು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದಳು: "ಸಿಸ್ಟರ, ಬಾಗಿಲು ಹಾಕಿತ್ತಲ್ರಿ?"

ಹಾಕಿತ್ತು ಅಂದೆ. ಅವಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ದುಡ್ಡು ಕೊಟ್ಟು ಬಂದವರು ಏನು ಬಯಸುತ್ತಾರೆ ಎಂದು ನನಗೆ ಅಷ್ಟು ಪಾಠ ಹೇಳಿದೆಯಲ್ಲ, ಮುಚ್ಚಿದ ಬಾಗಿಲು ಮುಚ್ಚಿಯೇ ಇರುತ್ತದೆ ಎಂದು ನಂಬಿ ಮಲಗುತ್ತಾರೆ, ಅಷ್ಟೇ. ಆ ನಂಬಿಕೆಯನ್ನು ಮಾರಿದವನು ನನ್ನ ತಮ್ಮ. ನೀನು ಎದುರಿಗಿದ್ದರೆ ಆ ಭಾಂಡೆ ನಿನ್ನ ಮೇಲೂ ಎತ್ತುತ್ತಿದ್ದೆನೋ ಏನೋ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ನಾನೇ, ಅದಕ್ಕೇ ಒಂದು ದಾರಿ ಬಿಟ್ಟಿದ್ದೇನೆ. ನಾಳೆ ಮೊದಲ ಬಸ್ಸಿಗೆ ಬಾ. ಇನ್ಸ್‌ಪೆಕ್ಟರ ಬರುವ ಮೊದಲು ನೀನೇ ಹೋಗಿ ಹೇಳು. ನಾನು ಜೊತೆಗೆ ಬರುತ್ತೇನೆ, ವಕೀಲರನ್ನು ಹಿಡಿಯುತ್ತೇನೆ, ಜನ ಉಗಿದರೆ ಪಕ್ಕದಲ್ಲಿ ನಿಂತು ಉಗಿಸಿಕೊಳ್ಳುತ್ತೇನೆ. ಬರದಿದ್ದರೆ ನಾನು ಹೇಳುತ್ತೇನೆ. ಆ ಹುಡುಗ ಬದುಕಲಿ ಎಂದು ಪ್ರಾರ್ಥಿಸು, ಅವನಿಗಾಗಿ, ನಿನಗಾಗಿ.

ಜೆನಿಫರಳಿಗೆ ನನ್ನ ವಂದನೆ, ಶಾಲೋಮನಿಗೆ ಮುದ್ದು. ಇದರಲ್ಲಿ ಅವರ ತಪ್ಪು ಏನೂ ಇಲ್ಲ, ಅವರನ್ನು ನಾನು ಕೈಬಿಡುವುದಿಲ್ಲ.

ನಿನ್ನ ಅಕ್ಕ,
ಎಲಿಜಬೆತ

ತಾ.ಕ. — ಪತ್ರ ಮಡಚುವಾಗ ವಾರ್ಡಿನಿಂದ ಫೋನು ಬಂತು. ಗೌರವ ಹೋದ. ಶಾಲುಬಾಯಿಯ ಅಳು ಫೋನಿನಲ್ಲೇ ಕೇಳಿತು. ನಾಳೆಯವರೆಗೆ ಕಾಯುವುದು ಇನ್ನು ನನ್ನಿಂದಾಗದು. ಸ್ಟೇಷನ್ನಿಗೆ ಹೋಗಿ ನಿನ್ನ ಹೆಸರು ಹೇಳಿ, ರುಜು ಹಾಕಿ, ಈಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ಮಕ್ಸೂದನ ಬಸ್ಸಿಗಿಂತ ಪೊಲೀಸರ ಜೀಪು ಮುಂಚೆ ಬರಬಹುದು. ಒಂದು ವೇಳೆ ಇದೇ ಮೊದಲು ಬಂದರೆ ಓಡಬೇಡ. ಗುಳಿಗೆ ತೆಗೆದುಕೊ, ಎರಡು ರೊಟ್ಟಿಯಾದರೂ ಉಂಡುಕೊ, ಸ್ವೆಟರ್ ಹಾಕಿಕೋ, ಅಲ್ಲಿ ನೆಲ ತಣ್ಣಗಿರುತ್ತದೆ.