ಅಣ್ಣನ ಕೀಬೋರ್ಡ್ ಪಟ್ಟಿ

ಮಾರ್ಚ್ ೧೧, ಬುಧವಾರ

ಅಣ್ಣನಿಗೆ ಕಣ್ಣು ಕಾಣೋದೇ ಇಲ್ಲ. ಸ್ವಲ್ಪ ಮಂಜಾಗಿದೆ ಅಷ್ಟೇ ಅಂತ ಇಷ್ಟು ದಿನ ನನ್ನನ್ನ ನಂಬಿಸಿದ್ದ.

ಅವನ ಹಳೇ ಕಂಪ್ಯೂಟರಿನ ಕೀಬೋರ್ಡ್ ಮೇಲಿನ ಪಟ್ಟಿ, ಯಾವ ಕೀ ಒತ್ತಿದರೆ ಏನಾಗುತ್ತೆ ಅಂತ ಬರೆದಿರೋದು, ಹರಿದುಹೋಗಿತ್ತು. "ಕಂಡಕಂಡವರಿಗೆಲ್ಲ ಮಾಡಿಕೊಡ್ತೀಯ, ಸ್ವಂತ ಅಣ್ಣನಿಗೆ ಯಾವಾಗಲೇ?" ಅಂತ ಒಂದೇ ವರಾತ. ಮೊದಲಿದ್ದದ್ದು ಹಳದಿ. ನನ್ನ ಹತ್ತಿರ ಹಳದಿ ಹಾಳೆ ಮುಗಿದಿತ್ತು, ನೀಲಿಯಲ್ಲೇ ಅಚ್ಚು ಹಾಕಿ ಕತ್ತರಿಸಿದೆ. ಬೈಸಿಕೊಳ್ಳೋಕೆ ಸಿದ್ಧಳಾಗೇ ಹೋಗಿದ್ದೆ.

ಅಣ್ಣ ಪಟ್ಟಿಯನ್ನ ಕಿಟಕಿ ಬೆಳಕಿಗೆ ಹಿಡಿದ. "ಆಹಾ, ಅದೇ ಹಳದಿ! ಎಷ್ಟು ಚೆನ್ನಾಗಿ ಬಂದಿದೆಯೇ!" ಅಂದ.

"ಹೌದ್ರೀ, ಥೇಟ್ ಅದೇ ಬಣ್ಣ," ಅಂದರು ಪಕ್ಕದಲ್ಲಿದ್ದ ಅತ್ತಿಗೆ. ದನಿ ಒಂಚೂರೂ ನಡುಗಲಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. "ನಮಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗೋದು ಬೇಡ ಕಣಮ್ಮ. ಅದೊಂದು ಧೈರ್ಯದ ಮೇಲೇ ಓಡಾಡ್ತಿದ್ದಾರೆ."

ಅಷ್ಟರಲ್ಲಿ ಒಳಗಿಂದ ಅಣ್ಣ ಕೂಗಿದ: "ಮೆಟ್ಟಿಲ ಹತ್ತಿರ ಕತ್ತಲೆ, ನೋಡ್ಕೊಂಡು ಇಳಿಯೇ!"

ಹೂಂ ಅಂದೆ. ಮೊದಲ ಮೆಟ್ಟಿಲಲ್ಲೇ ಕೂತುಬಿಟ್ಟೆ. ಅಳೋದು ಕೇಳಿಸಬಾರದು ಅಂತ ಬಾಯಿಗೆ ಕೈ ಒತ್ತಿಕೊಂಡೆ. ಅವನ ಕಿವಿ ಮಾತ್ರ ಬಹಳ ಚುರುಕು...